ಜೋರು ಗಾಳಿ, ಪುಟ್ಟ ವಿಮಾನ: ಕಷ್ಟವೆಲ್ಲ ನೆಲದ ಹತ್ತಿರ

ಆಷಾಢದ ಗಾಳಿ ಹೇಗಿರುತ್ತದೆ ಅಂತ ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಗಾಳಿಪಟ ಹಿಡಿದು ಮಾಳಿಗೆ ಹತ್ತುತ್ತಾರೆ. ಒಣಗಹಾಕಿದ ಬಟ್ಟೆ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಸಿಗುತ್ತದೆ. ಅಂಥ ದಿನ ಜಕ್ಕೂರಿನಂಥ ಸಣ್ಣ ವಿಮಾನ ನಿಲ್ದಾಣದ ಬೇಲಿ ಪಕ್ಕ ನಿಂತು ನೋಡಿ. ನಾಲ್ಕು ಸೀಟಿನ ಪುಟ್ಟ ವಿಮಾನವೊಂದು ಮೂತಿಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಓರೆಯಾಗಿ, ರೆಕ್ಕೆ ಆಡಿಸುತ್ತಾ ಇಳಿಯುತ್ತಿರುತ್ತದೆ. ಗಾಳಿ ಅದನ್ನು ಎತ್ತಿಕೊಂಡೇ ಹೋಗುತ್ತಿದೆ ಅನ್ನಿಸುತ್ತದೆ. ಆ ಓರೆ ಪೈಲಟ್ ಬೇಕೆಂದೇ ಇಟ್ಟುಕೊಂಡದ್ದು. ಮೂತಿ ನೇರ ಇದ್ದಿದ್ದರೇ ಭಯಪಡಬೇಕಿತ್ತು.

'ಇವತ್ತು ಗಾಳಿ ಎಷ್ಟು ಜೋರಿದೆ?' ಅನ್ನುವುದು ನಮ್ಮ ನಿಮ್ಮ ಪ್ರಶ್ನೆ. ಪೈಲಟ್ ಕೇಳಿಕೊಳ್ಳುವುದು ಬೇರೆ ಎರಡು. ಗಾಳಿ ರನ್‌ವೇಗೆ ಎಷ್ಟು ಅಡ್ಡವಾಗಿದೆ? ಎಷ್ಟು ಏರುಪೇರಾಗಿ ಬೀಸುತ್ತಿದೆ? 25 ನಾಟ್ ವೇಗದ ಗಾಳಿ ರನ್‌ವೇ ಉದ್ದಕ್ಕೂ ನೇರ ಎದುರಿಂದ, ಒಂದೇ ಸಮನೆ ಬೀಸುತ್ತಿದ್ದರೆ ಇಳಿಯುವುದು ಸಲೀಸು. ಅದರ ಅರ್ಧದಷ್ಟೇ ಗಾಳಿ ಪಕ್ಕದಿಂದ, ತಡೆತಡೆದು ಬಡಿಯುತ್ತಿದ್ದರೆ ಅನುಭವಸ್ಥರೂ ಮೈಯೆಲ್ಲ ಕಣ್ಣಾಗಿರಬೇಕು. (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿ.ಮೀ.)

ಮೇಲೆ ಹೋದರೆ ಗಾಳಿಯೇ ಗೊತ್ತಾಗುವುದಿಲ್ಲ

ನೆಲದ ಮೇಲೆ ನಿಂತ ನಮಗೆ ಗಾಳಿ ಬಡಿಯುತ್ತದೆ, ಯಾಕೆಂದರೆ ನಾವು ಕಾಲೂರಿ ನಿಂತಿದ್ದೇವೆ. ಹಾರುತ್ತಿರುವ ವಿಮಾನಕ್ಕೆ ಕಾಲೂರಲು ಏನೂ ಇಲ್ಲ. ಸುತ್ತಲಿನ ಗಾಳಿಯೆಲ್ಲ ಒಟ್ಟಾಗಿ ಪೂರ್ವಕ್ಕೆ ಸರಿಯುತ್ತಿದ್ದರೆ ವಿಮಾನವೂ ಅದರೊಳಗೇ ಇದ್ದು ಅದರ ಜೊತೆಗೇ ಸರಿಯುತ್ತದೆ. ತುಂಬಿದ ತುಂಗಭದ್ರೆಯಲ್ಲಿ ಹರಿಗೋಲಿನವನು ಎದುರು ದಡಕ್ಕೆ ನೇರ ಮುಖಮಾಡಿ ಹುಟ್ಟು ಹಾಕಿದರೆ ಕೆಳಗೆಲ್ಲೋ ಹೋಗಿ ಸೇರುತ್ತಾನೆ. ಅದಕ್ಕೇ ಅವನು ಹೊಳೆಯ ಮೇಲ್ಗಡೆಗೆ ಸ್ವಲ್ಪ ಮುಖ ತಿರುಗಿಸಿಕೊಂಡಿರುತ್ತಾನೆ. ಪೈಲಟ್ ಮಾಡುವುದೂ ಅಷ್ಟೇ. ಗಾಳಿ ಬರುವ ಕಡೆಗೆ ಮೂತಿಯನ್ನು ಐದಾರು ಡಿಗ್ರಿ ತಿರುಗಿಸಿಟ್ಟರೆ ವಿಮಾನ ನೆಲದ ಲೆಕ್ಕದಲ್ಲಿ ನೇರ ಗೆರೆಯಲ್ಲೇ ಹೋಗುತ್ತದೆ. ಇದಕ್ಕೆ ಕ್ರ್ಯಾಬ್ ಅನ್ನುತ್ತಾರೆ. ಗಾಳಿ ಒಂದೇ ಸಮ ಇದ್ದರೆ ಒಳಗೆ ಕೂತವರಿಗೆ ಗಾಳಿ ಬೀಸುತ್ತಿದೆ ಅನ್ನುವುದೇ ತಿಳಿಯುವುದಿಲ್ಲ.

ತಿಳಿಯುವುದು ಗಡಿಯಾರದಲ್ಲಿ, ಆಮೇಲೆ ಪೆಟ್ರೋಲಿನಲ್ಲಿ. ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ ಸುಮಾರು 160 ನಾಟಿಕಲ್ ಮೈಲಿ. ವಿಮಾನದ ವೇಗ 110 ನಾಟ್ ಅಂದುಕೊಳ್ಳಿ. ಗಾಳಿಯಿಲ್ಲದ ದಿನ ಹೋಗಲು 87 ನಿಮಿಷ, ಬರಲು 87 ನಿಮಿಷ. ಈಗ ಪಶ್ಚಿಮದಿಂದ 30 ನಾಟ್ ಗಾಳಿ ಇದೆ ಅನ್ನಿ. (ಮುಂಗಾರಿನಲ್ಲಿ ಸಮುದ್ರಮಟ್ಟದಿಂದ ಒಂದೂವರೆ ಕಿ.ಮೀ. ಎತ್ತರದಲ್ಲಿ ಇಷ್ಟು ಗಾಳಿ ಇರುವುದು ಆಶ್ಚರ್ಯವೇನಲ್ಲ. ಆದರೆ ಆ ದಿನಗಳಲ್ಲಿ ಘಟ್ಟದ ಮೋಡ ಸಣ್ಣ ವಿಮಾನವನ್ನು ದಾಟಲು ಬಿಟ್ಟರೆ ತಾನೆ.) ಹೋಗುವಾಗ ವೇಗ 80ಕ್ಕೆ ಇಳಿಯುತ್ತದೆ, ಎರಡು ಗಂಟೆ ಬೇಕು. ಬರುವಾಗ 140, ಅಂದರೆ 69 ನಿಮಿಷ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ವಾಪಸ್ ಸಿಗಬೇಕಿತ್ತು ಅಲ್ವಾ? ಸಿಗುವುದಿಲ್ಲ. ಒಟ್ಟು 14 ನಿಮಿಷ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು. ಹೋಗಿಬರಲು ಸರಿಯಾಗಿ ಸಾಲುವಷ್ಟೇ ಇಂಧನ ತುಂಬಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು ಹಳೆಯ ನಂಬಿಕೆ ಇದೆ. ಎದುರುಗಾಳಿಯಲ್ಲಿ ಹೋಗುತ್ತಿರುವ ವಿಮಾನ ತಿರುಗಿ ಗಾಳಿಗೆ ಬೆನ್ನು ಕೊಟ್ಟರೆ ರೆಕ್ಕೆಗೆ ಗಾಳಿ ಸಾಲದೆ ಬೀಳುತ್ತದೆ ಅನ್ನುವುದು. ಪೈಲಟ್‌ಗಳೇ ಇದರ ಬಗ್ಗೆ ದಶಕಗಳಿಂದ ಜಗಳವಾಡುತ್ತಿದ್ದಾರೆ. ಗಾಳಿ ಒಂದೇ ಸಮ ಇದ್ದರೆ ಇದು ಸುಳ್ಳು. ರೆಕ್ಕೆಗೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ, ಕೆಳಗಿನ ನೆಲ ಎಷ್ಟು ವೇಗವಾಗಿ ಓಡುತ್ತಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ಆದರೆ ಪೈಲಟ್ ಕಣ್ಣಿಗೆ ಅದು ಕಾಣುತ್ತದಲ್ಲ, ತೊಂದರೆ ಅಲ್ಲಿದೆ. ನೆಲಕ್ಕೆ ಹತ್ತಿರ ಇರುವಾಗ ಹಿಂದಿನಿಂದ ಗಾಳಿ ಬಂದರೆ ಹೊಲ, ಮನೆಗಳೆಲ್ಲ ಬೇಗ ಬೇಗ ಹಿಂದೆ ಸರಿಯುತ್ತವೆ. 'ವೇಗ ಜಾಸ್ತಿಯಾಯ್ತು' ಅಂತ ಕೈ ತಾನಾಗಿ ಥ್ರಾಟಲನ್ನು (ಎಂಜಿನ್ ಶಕ್ತಿ ಏರಿಳಿಸುವ ಹಿಡಿ) ಹಿಂದಕ್ಕೆ ಎಳೆಯುತ್ತದೆ. ನಿಜವಾದ ವೇಗ ಆಗ ಕಡಿಮೆಯಾಗುತ್ತದೆ.

ಇದರ ಅತಿ ಕೆಟ್ಟ ರೂಪ ಕಾಣುವುದು ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ. ಇಳಿಯುವ ವಿಮಾನ ರನ್‌ವೇಗೆ ಅಡ್ಡವಾಗಿ ಸ್ವಲ್ಪ ದೂರ ಬಂದು, ಆಮೇಲೆ ತಿರುಗಿ ರನ್‌ವೇ ನೇರಕ್ಕೆ ಬರುತ್ತದೆ. ಆ ಅಡ್ಡ ಹಾದಿಯಲ್ಲಿ ಗಾಳಿ ಬೆನ್ನಿಗಿದ್ದರೆ ತಿರುವು ದೊಡ್ಡದಾಗಿ ವಿಮಾನ ರನ್‌ವೇ ಗೆರೆ ದಾಟಿ ಆಚೆ ಹೋಗುತ್ತದೆ. ಹೊಸಬರು ಅದನ್ನು ಎಳೆದು ತರಲು ಒಂದು ರೆಕ್ಕೆ ತಗ್ಗಿಸಿ ಇನ್ನಷ್ಟು ವಾಲಿಸುತ್ತಾರೆ, ಮೂತಿಯನ್ನು ಎಡಬಲ ತಿರುಗಿಸುವ ರಡ್ಡರನ್ನು ಕಾಲಲ್ಲಿ ಒತ್ತುತ್ತಾರೆ. 45 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗಬೇಕಾದರೆ, ವಿಮಾನ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವೇಗ ಸುಮಾರು 19% ಏರುತ್ತದೆ. 60 ಡಿಗ್ರಿಯಲ್ಲಿ 41%. ಅಂದರೆ ಸುರಕ್ಷಿತ ಅಂದುಕೊಂಡಿದ್ದ ವೇಗವೇ ಸಾಲದಾಗುತ್ತದೆ. ಒಂದು ರೆಕ್ಕೆ ಮೊದಲು ಕೈಬಿಟ್ಟು ವಿಮಾನ ಸುತ್ತತೊಡಗಿದರೆ, ಅಷ್ಟು ಕೆಳಗೆ ಸರಿಮಾಡಿಕೊಳ್ಳಲು ಎತ್ತರ ಇರುವುದಿಲ್ಲ. ಗೆರೆ ದಾಟಿದರೆ ದಾಟಲಿ, ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬಂದರಾಯ್ತು. ಹತ್ತು ನಿಮಿಷದ ಪೆಟ್ರೋಲ್ ಹೋಗುತ್ತದೆ, ಅಷ್ಟೇ ತಾನೆ.

ನಮ್ಮ ರನ್‌ವೇಗಳೆಲ್ಲ ಒಂದೇ ಕಡೆ ಮುಖಮಾಡಿವೆ

ರನ್‌ವೇ ತುದಿಯಲ್ಲಿ ದೊಡ್ಡದಾಗಿ ಬರೆದ ಅಂಕಿ ಅದರ ದಿಕ್ಕು. ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿ ಬರೆದಿರುತ್ತಾರೆ. 27 ಅಂದರೆ 270 ಡಿಗ್ರಿ, ನೇರ ಪಶ್ಚಿಮ. ಇನ್ನೊಂದು ತುದಿ 09, ಪೂರ್ವ. ದೇವನಹಳ್ಳಿಯ ಎರಡೂ ರನ್‌ವೇಗಳು 09/27. ಎಚ್‌ಎಎಲ್ 09/27. ಯಲಹಂಕ 09/27. ಜಕ್ಕೂರು 08/26. ಮೈಸೂರಿನ ಮಂಡಕಳ್ಳಿ 09/27. ಹುಬ್ಬಳ್ಳಿ, ಬೆಳಗಾವಿ 08/26. ಇದು ಕಾಕತಾಳೀಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಡುಗಾಳಿ, ಚಳಿಗಾಲದಲ್ಲಿ ಮೂಡಗಾಳಿ. ರನ್‌ವೇಯನ್ನು ಪೂರ್ವ-ಪಶ್ಚಿಮ ಹಾಸಿದರೆ ವರ್ಷದ ಹೆಚ್ಚು ದಿನ ಗಾಳಿಗೆ ಎದುರಾಗಿ ಏರಬಹುದು, ಎದುರಾಗಿ ಇಳಿಯಬಹುದು.

ಆದರೆ ಗಾಳಿ ನಕ್ಷೆ ನೋಡಿಕೊಂಡು ಬೀಸುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಮೋಡ ಕಟ್ಟಿದಾಗ ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಒಂದು ಗಾಳಿ ಬರುತ್ತದಲ್ಲ, ಅದು ಯಾವ ದಿಕ್ಕಿನಿಂದಲಾದರೂ ಬರಬಹುದು. ಮೋಡದಿಂದ ಕೆಳಗೆ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುವುದು ಅದು. ಮೋಡ ಇನ್ನೂ ಹತ್ತಾರು ಕಿ.ಮೀ. ದೂರ ಇರುವಾಗಲೇ ಇದು ಬಂದು ತಲುಪಬಹುದು. ಉತ್ತರದಿಂದ ಬಂದರೆ ಬೆಂಗಳೂರಿನ ಎಲ್ಲ ರನ್‌ವೇಗೂ ಒಟ್ಟಿಗೇ ಅಡ್ಡಗಾಳಿ. ಇಲ್ಲಿ ಆಗದಿದ್ದರೆ ಪಕ್ಕದ ನಿಲ್ದಾಣಕ್ಕೆ ಹೋಗೋಣ ಅಂದರೆ ಅಲ್ಲೂ ಅದೇ ಕಥೆ. ಹಳೆಯ ಕೆಲವು ವಿಮಾನ ನಿಲ್ದಾಣಗಳಲ್ಲಿ, ಮುಖ್ಯವಾಗಿ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ವಾಯುನೆಲೆಗಳಲ್ಲಿ, ತ್ರಿಕೋನದ ಹಾಗೆ ಮೂರು ರನ್‌ವೇ ಹಾಕುತ್ತಿದ್ದದ್ದು ಈ ಕಾರಣಕ್ಕೇ. ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಗುಡುಗಿನ ದಿನ ಮಧ್ಯಾಹ್ನದ ಮೇಲೆ ಹೊರಡದೇ ಇರುವುದೇ ಸರಿ.

ಇನ್ನು ಅಡ್ಡಗಾಳಿಯ ಲೆಕ್ಕ. ಜಕ್ಕೂರಿನ 26ಕ್ಕೆ ಇಳಿಯುತ್ತಿದ್ದೀರಿ, ಗಾಳಿ 230 ಡಿಗ್ರಿಯಿಂದ 14 ನಾಟ್. ರನ್‌ವೇಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ. ಪೈಲಟ್‌ಗಳು ಇದಕ್ಕೆ ಗಡಿಯಾರದ ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. ವ್ಯತ್ಯಾಸ 15 ಡಿಗ್ರಿ ಇದ್ದರೆ ಕಾಲು ಗಂಟೆ, ಅಂದರೆ ಗಾಳಿಯ ಕಾಲುಭಾಗ ಅಡ್ಡ. 30 ಇದ್ದರೆ ಅರ್ಧ, 45 ಇದ್ದರೆ ಮುಕ್ಕಾಲು, 60 ಅಥವಾ ಹೆಚ್ಚಿದ್ದರೆ ಪೂರ್ತಿ ಅಡ್ಡ ಅಂತಲೇ ಹಿಡಿದುಕೊಳ್ಳುವುದು. ಹಾಗಾಗಿ ಇಲ್ಲಿ 7 ನಾಟ್ ಅಡ್ಡಗಾಳಿ. ಮಾಮೂಲಿ. ಅದೇ 14 ನಾಟ್ ಗಾಳಿ 200 ಡಿಗ್ರಿಗೆ ತಿರುಗಿದರೆ? ತ್ರಿಕೋನಮಿತಿಯ ಪಕ್ಕಾ ಲೆಕ್ಕದಲ್ಲಿ 12. ಗಡಿಯಾರದ ಲೆಕ್ಕ 14 ಅನ್ನುತ್ತದೆ. ಜಾಸ್ತಿ ಹೇಳಿ ತಪ್ಪುವ ಲೆಕ್ಕವೇ ಇಂಥ ಕಡೆ ಒಳ್ಳೆಯದು.

ಸೆಸ್ನಾ 172 ಜಗತ್ತಿನಲ್ಲೇ ಅತಿ ಹೆಚ್ಚು ತಯಾರಾದ ವಿಮಾನ. 1950ರ ದಶಕದಿಂದ ಈವರೆಗೆ 44,000ಕ್ಕೂ ಹೆಚ್ಚು. ಅದರ ಕೈಪಿಡಿಯಲ್ಲಿ ಅಡ್ಡಗಾಳಿ 15 ನಾಟ್ ಅಂತ ಇದೆ. ಇದನ್ನು ಮಿತಿ ಅಂತ ಓದುವವರೇ ಜಾಸ್ತಿ. ಕೈಪಿಡಿ ಹಾಗೆ ಹೇಳುವುದಿಲ್ಲ. ಕಂಪನಿಯ ಪರೀಕ್ಷಾ ಪೈಲಟ್ ಅಷ್ಟು ಅಡ್ಡಗಾಳಿಯಲ್ಲಿ ಇಳಿದು ತೋರಿಸಿದ್ದಾನೆ, ಅಷ್ಟೇ ಅದರ ಅರ್ಥ. ಪಳಗಿದವರು ಅದಕ್ಕಿಂತ ಹೆಚ್ಚಿನದರಲ್ಲೂ ಇಳಿಸಬಹುದು. ನಿನ್ನೆ ಮೊನ್ನೆ ಲೈಸೆನ್ಸ್ ಪಡೆದವರಿಗೆ 8 ನಾಟ್ ಕೂಡ ಜಾಸ್ತಿಯೇ. ಕಲಿಯುವವರು ಒಬ್ಬರೇ ಹಾರಲು ತರಬೇತಿ ಶಾಲೆಗಳು ಕೈಪಿಡಿಯ 15ಕ್ಕಿಂತ ತುಂಬಾ ಕೆಳಗಿನ ಗಡಿ ಹಾಕಿರುತ್ತವೆ. ನನ್ನ ಕೇಳಿದರೆ, ಕೈಪಿಡಿಯ ಅಂಕಿಗಿಂತ ಆ ಗಡಿಯೇ ಹೆಚ್ಚು ಪ್ರಾಮಾಣಿಕ.

ಏರುಪೇರಿನ ಗಾಳಿ

ಹವಾಮಾನ ವರದಿಯಲ್ಲಿ ಗಾಳಿಯ ವೇಗ ಅಂತ ಕೊಡುವುದು ಹತ್ತು ನಿಮಿಷದ ಸರಾಸರಿ. ನಡುನಡುವೆ ಅದಕ್ಕಿಂತ 10 ನಾಟ್ ಅಥವಾ ಇನ್ನೂ ಜಾಸ್ತಿ ಬೀಸಿದರೆ ಅದನ್ನು ಗಸ್ಟ್ ಅಂತ ಬೇರೆ ಬರೆಯುತ್ತಾರೆ. '14, ಗಸ್ಟ್ 24' ಅಂದರೆ ಒಂದು ಗಳಿಗೆ 14, ಮರುಗಳಿಗೆ 24, ಮತ್ತೆ 14. ಪುಟ್ಟ ವಿಮಾನಕ್ಕೆ ಇದು ಯಾಕೆ ಕಷ್ಟ?

ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೆಸ್ನಾ 65 ನಾಟ್‌ನಲ್ಲಿ ಇಳಿಯುತ್ತಿದೆ, ಎದುರುಗಾಳಿ ಒಮ್ಮೆಲೇ 10 ನಾಟ್ ಕಡಿಮೆಯಾಯಿತು. ರೆಕ್ಕೆಗೆ ಸಿಗುತ್ತಿರುವುದು ಈಗ 55. ಎತ್ತುವ ಬಲದಲ್ಲಿ ಸುಮಾರು 28% ಹೋಯಿತು. ವಿಮಾನ ಧೊಪ್ಪನೆ ಕುಸಿಯುತ್ತದೆ. ಅದೇ ಗಾಳಿಯಲ್ಲಿ 135 ನಾಟ್‌ನಲ್ಲಿ ಇಳಿಯುವ ಏರ್‌ಬಸ್ ಕಳೆದುಕೊಳ್ಳುವುದು ಸುಮಾರು 14% ಮಾತ್ರ. ಜೊತೆಗೆ ಅದು ಹತ್ತಾರು ಟನ್ ಭಾರದ್ದು. ಸೆಸ್ನಾ ಪೂರ್ತಿ ತುಂಬಿದರೂ 1,157 ಕೆ.ಜಿ. ದೊಡ್ಡ ವಿಮಾನ ಆರಾಮಾಗಿ ಇಳಿದ ದಿನ ಸಣ್ಣದು ಹಾರದೇ ಕೂತಿದ್ದರೆ ಪೈಲಟ್ ಪುಕ್ಕಲ ಅಂತ ಅಂದುಕೊಳ್ಳಬೇಡಿ.

ಇದಕ್ಕೆ ರೂಢಿಯ ಪರಿಹಾರ: ಗಸ್ಟ್‌ಗೂ ಸರಾಸರಿಗೂ ಇರುವ ವ್ಯತ್ಯಾಸದ ಅರ್ಧವನ್ನು ಇಳಿಯುವ ವೇಗಕ್ಕೆ ಸೇರಿಸುವುದು. ವ್ಯತ್ಯಾಸ 10, ಹಾಗಾಗಿ 65ರ ಬದಲು 70. ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಂಚಿನಿಂದ ಕೆಳಗೆ ಬಿಡುವ ಪಟ್ಟಿ) ಕೂಡ ರನ್‌ವೇ ಉದ್ದಕ್ಕೆ ಎಷ್ಟು ಬೇಕೋ ಅಷ್ಟೇ. 80ರಲ್ಲಿ ಬರಬಹುದಲ್ಲ, ಇನ್ನೂ ಸೇಫ್ ಅಲ್ವಾ ಅಂದರೆ, ಇಲ್ಲ. ಹೆಚ್ಚಿನ ವೇಗದ ವಿಮಾನ ನೆಲಕ್ಕೆ ಕೂರದೆ ತೇಲುತ್ತಲೇ ಇರುತ್ತದೆ, ತೇಲುವಷ್ಟು ಹೊತ್ತೂ ಅಡ್ಡಗಾಳಿ ಪಕ್ಕಕ್ಕೆ ತಳ್ಳುತ್ತದೆ, ಸಣ್ಣ ರನ್‌ವೇ ಮುಗಿದೇ ಹೋಗುತ್ತದೆ.

ನೆಲಕ್ಕೆ ಹತ್ತಿರವಾದಷ್ಟೂ ಗಾಳಿ ಕೆಡುತ್ತದೆ. ಮರ, ಹ್ಯಾಂಗರ್, ಅಪಾರ್ಟ್‌ಮೆಂಟ್ ಇವುಗಳ ಹಿಂದೆ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಮಧ್ಯಾಹ್ನ ಕಾದ ನೆಲದಿಂದ ಬಿಸಿಗಾಳಿ ಮೇಲೇಳುವುದೂ ಸೇರಿಕೊಳ್ಳುತ್ತದೆ. ತರಬೇತಿ ಬೆಳಗಿನ ಜಾವವೇ ಶುರುವಾಗುವುದಕ್ಕೆ ಮುಖ್ಯ ಕಾರಣ ಇದು.

ಮೇಲೆ ಹಾರುವಾಗಲೂ ಇಂಥ ಕುಲುಕಾಟ ಜೋರಾದರೆ ಪೈಲಟ್ ವೇಗ ಇಳಿಸುತ್ತಾನೆ. ಸೆಸ್ನಾ 172ರ ಎಸ್ ಮಾದರಿಯಲ್ಲಿ ಪೂರ್ತಿ ಭಾರ ಇದ್ದರೆ 105 ನಾಟ್ ಒಳಗೆ, ಹಗುರವಾಗಿದ್ದರೆ 90ರ ಒಳಗೆ. ಹಗುರ ಇದ್ದರೆ ಇನ್ನೂ ನಿಧಾನ ಅನ್ನುವುದು ಉಲ್ಟಾ ಅನ್ನಿಸುತ್ತದೆ. ವಿಷಯ ಇಷ್ಟೇ: ವೇಗ ಕಡಿಮೆ ಇದ್ದರೆ, ಕೆಳಗಿನಿಂದ ಜೋರು ಗಾಳಿ ಹೊಡೆದಾಗ ರೆಕ್ಕೆ ಮುರಿಯುವಷ್ಟು ಬಲ ಹುಟ್ಟುವ ಮೊದಲೇ ಅದು ಸ್ಟಾಲ್ ಆಗಿ ಆ ಬಲವನ್ನು ಬಿಟ್ಟುಕೊಡುತ್ತದೆ. ಹಗುರ ವಿಮಾನವನ್ನು ಅದೇ ಬಲ ಇನ್ನೂ ಜೋರಾಗಿ ಎತ್ತಿ ಎಸೆಯುತ್ತದೆ, ಎಂಜಿನ್ ಮತ್ತು ಅದನ್ನು ಹಿಡಿದಿರುವ ಬೋಲ್ಟುಗಳ ಮೇಲೆ ಎಳೆತ ಹೆಚ್ಚುತ್ತದೆ. ಹಾಗಾಗಿ ಬೇಗ ಬಿಟ್ಟುಕೊಡುವ ವೇಗ ಬೇಕು.

ಕೊನೆಯ ಹತ್ತು ಸೆಕೆಂಡು

ಈಗ ಇಳಿಯೋಣ. ರನ್‌ವೇ 26, ಗಾಳಿ ಎಡದಿಂದ, ಅಡ್ಡ ಭಾಗ 7 ನಾಟ್. ಪೈಲಟ್ ಎಡ ಸೀಟಿನಲ್ಲಿ. ಎಡಗೈ ಯೋಕ್ (ವಿಮಾನದ ಸ್ಟಿಯರಿಂಗ್) ಮೇಲೆ, ಬಲಗೈ ಥ್ರಾಟಲ್ ಮೇಲೆ, ಎರಡೂ ಪಾದ ರಡ್ಡರ್ ಪೆಡಲ್ ಮೇಲೆ. ಮೂತಿ ಸುಮಾರು ಆರು ಡಿಗ್ರಿ ಎಡಕ್ಕೆ ತಿರುಗಿದೆ. ರನ್‌ವೇ ಕಾಣುತ್ತಿರುವುದು ಗಾಜಿನ ನಡುವೆಯಲ್ಲ, ಸ್ವಲ್ಪ ಬಲಕ್ಕೆ. ಆದರೂ ವಿಮಾನ ಹೋಗುತ್ತಿರುವುದು ನೇರ ಅದರ ನಡುಗೆರೆಗೇ.

ಹೀಗೇ ನೆಲ ಮುಟ್ಟಿದರೆ ಚಕ್ರಗಳು ಒಂದು ಕಡೆ ಮುಖಮಾಡಿ, ವಿಮಾನ ಇನ್ನೊಂದು ಕಡೆ ಓಡುತ್ತಿರುತ್ತದೆ. ಟೈರು, ಚಕ್ರದ ಕಾಲು ಎಲ್ಲದಕ್ಕೂ ಪಕ್ಕದಿಂದ ಪೆಟ್ಟು. ಹಾಗಾಗಿ ನೆಲ ಕೆಲವೇ ಅಡಿ ಇರುವಾಗ ಬಲಗಾಲು ಮೆಲ್ಲಗೆ ರಡ್ಡರ್ ಒತ್ತುತ್ತದೆ. ಮೂತಿ ರನ್‌ವೇ ನೇರಕ್ಕೆ ತಿರುಗುತ್ತದೆ. ಆದರೆ ಓರೆ ಬಿಟ್ಟ ಕ್ಷಣವೇ ಗಾಳಿ ಬಲಕ್ಕೆ ತಳ್ಳಲು ಶುರುಮಾಡುತ್ತದೆ. ಅದನ್ನು ತಡೆಯಲು ಎಡಗೈ ಯೋಕನ್ನು ಎಡಕ್ಕೆ ತಿರುಗಿಸುತ್ತದೆ. ಎಡ ರೆಕ್ಕೆ ಸ್ವಲ್ಪ ತಗ್ಗಿ ವಿಮಾನ ಗಾಳಿಯ ಕಡೆಗೆ ಜಾರುತ್ತದೆ. ಗಾಳಿ ತಳ್ಳಿದಷ್ಟೇ ಜಾರಿದರೆ ಎರಡೂ ಸರಿಹೋಗಿ ವಿಮಾನ ನಡುಗೆರೆಯ ಮೇಲೇ ನಿಲ್ಲುತ್ತದೆ. ಕೈ ಎಡಕ್ಕೆ, ಕಾಲು ಬಲಕ್ಕೆ. ಕಲಿಯುವವರಿಗೆ ತಲೆ ಕೆಡುವುದು ಇಲ್ಲೇ. ಗಸ್ಟ್ ಬಂದರೆ ಎರಡನ್ನೂ ಹೆಚ್ಚಿಸಬೇಕು, ಹೋದರೆ ಇಳಿಸಬೇಕು. ಒಮ್ಮೆ ಇಟ್ಟು ಬಿಡುವ ಹಾಗಿಲ್ಲ.

ಎಡ ಚಕ್ರ ಮೊದಲು ನೆಲ ಮುಟ್ಟುತ್ತದೆ. ಕೀಚ್ ಅಂತ ಒಂದು ಸದ್ದು. ಒಂದೆರಡು ಸೆಕೆಂಡು ಬಿಟ್ಟು ಬಲ ಚಕ್ರ, ಆಮೇಲೆ ಮೂತಿಯ ಚಕ್ರ. ಒಂಟಿ ಚಕ್ರದಲ್ಲಿ ಇಳಿದದ್ದನ್ನು ನೋಡಿ ಎಡವಟ್ಟಾಯಿತು ಅಂದುಕೊಳ್ಳುತ್ತಾರೆ. ಅಡ್ಡಗಾಳಿಯಲ್ಲಿ ಅದೇ ಸರಿಯಾದ ಇಳಿತ. ರೆಕ್ಕೆ ಕೆಳಗೆ ಎಂಜಿನ್ ತೂಗುವ ದೊಡ್ಡ ವಿಮಾನಗಳು ಹೀಗೆ ಜಾಸ್ತಿ ತಗ್ಗಲು ಆಗುವುದಿಲ್ಲ, ಅದಕ್ಕೇ ಅವು ಕೊನೆಯವರೆಗೂ ಓರೆಯಾಗಿ ಬಂದು ಕಡೆಗೆ ನೇರವಾಗುತ್ತವೆ. ಅಮೆರಿಕದ ಬಿ-52 ಬಾಂಬರ್‌ನಲ್ಲಂತೂ ಚಕ್ರಗಳನ್ನೇ ರನ್‌ವೇ ಕಡೆಗೆ ತಿರುಗಿಸಿಟ್ಟು, ಮೂತಿ ಓರೆ ಇದ್ದಂತೆಯೇ ಇಳಿಸುತ್ತಾರೆ.

ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರಕ್ಕೆ ಬರುತ್ತಿಲ್ಲ ಅಂದರೆ ಈ ವಿಮಾನಕ್ಕೆ ಈ ರನ್‌ವೇಯಲ್ಲಿ ಗಾಳಿ ಜಾಸ್ತಿ ಅಂತ ಅರ್ಥ. ಮೇಲೆದ್ದು ಬೇರೆ ದಾರಿ ನೋಡಬೇಕು.

ಇಳಿದಮೇಲೂ ಮುಗಿದಿಲ್ಲ

ಚಕ್ರ ನೆಲಕ್ಕೆ ತಾಗಿದ ಕೂಡಲೇ ಕೈಕಾಲು ಸಡಿಲಬಿಡುವುದು ದೊಡ್ಡ ತಪ್ಪು. ವೇಗ ಇಳಿದಂತೆ ಐಲರಾನ್‌ನ (ಯೋಕ್ ತಿರುಗಿಸಿದಾಗ ಏಳುವ, ಇಳಿಯುವ ರೆಕ್ಕೆಯಂಚಿನ ಪಟ್ಟಿ) ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಯೋಕನ್ನು ಗಾಳಿ ಬರುವ ಕಡೆಗೆ ಇನ್ನೂ ಇನ್ನೂ ತಿರುಗಿಸುತ್ತಾ, ಕೊನೆಗೆ ಪೂರ್ತಿ ತಿರುಗಿಸಿಡಬೇಕು. ಟ್ಯಾಕ್ಸಿ ಮಾಡುವಾಗಲೂ, ಅಂದರೆ ನೆಲದ ಮೇಲೆ ಚಲಿಸುವಾಗಲೂ, ಲೆಕ್ಕ ಇದೆ. ಗಾಳಿ ಎದುರು ಓರೆಯಿಂದ ಬಂದರೆ ಯೋಕ್ ಗಾಳಿಯ ಕಡೆಗೆ. ಹಿಂದಿನ ಓರೆಯಿಂದ ಬಂದರೆ ಗಾಳಿಗೆ ಉಲ್ಟಾ ಕಡೆಗೆ, ಜೊತೆಗೆ ಯೋಕನ್ನು ಮುಂದಕ್ಕೆ ತಳ್ಳಿ. ಸೆಸ್ನಾದಂಥ ಮೇಲ್‌ರೆಕ್ಕೆಯ ವಿಮಾನಕ್ಕೆ ಈ ಹಿಂದಿನ ಓರೆಗಾಳಿಯೇ ಹೆಚ್ಚು ಅಪಾಯ. 48 ನಾಟ್ ಸುಮಾರಿಗೆ ಸ್ಟಾಲ್ ಆಗುವ ರೆಕ್ಕೆಗೆ 25 ನಾಟ್ ಗಾಳಿ ಸರಿಯಾದ ಕೋನದಲ್ಲಿ ಸಿಕ್ಕರೆ ವಿಮಾನದ ತೂಕದ ಕಾಲುಭಾಗವನ್ನು ಅದು ನಿಂತಲ್ಲೇ ಎತ್ತಬಲ್ಲದು. ಬಾಗಿಲು ತೆಗೆಯುವಾಗಲೂ ಹುಷಾರು. ಹಿಂದಿನಿಂದ ಗಾಳಿ ಇದ್ದರೆ ಕೈಯಿಂದ ಕಿತ್ತುಕೊಂಡು ಹಿಂಜನ್ನೇ ಬಗ್ಗಿಸಿಬಿಡುತ್ತದೆ.

ನಿಲ್ಲಿಸಿದ ಮೇಲೆ ಚಕ್ರಗಳಿಗೆ ಅಡ್ಡ ಕಟ್ಟೆ, ಎರಡೂ ರೆಕ್ಕೆಗೆ ಒಂದೊಂದು ಹಗ್ಗ, ಬಾಲಕ್ಕೆ ಒಂದು. ಒಳಗೆ ಯೋಕ್ ಅಲ್ಲಾಡದಂತೆ ಒಂದು ಲಾಕ್. ಇಲ್ಲದಿದ್ದರೆ ರಾತ್ರಿಯಿಡೀ ಗಾಳಿ ಐಲರಾನ್‌ಗಳನ್ನು ಆಚೀಚೆ ಬಡಿದು ಹಾಳುಮಾಡುತ್ತದೆ.

ಆ ಲಾಕ್‌ಗೂ ಒಂದು ಕಥೆ ಇದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ, ಮುಂದೆ ಬಿ-17 ಆದ ಬೋಯಿಂಗ್ ಮಾಡೆಲ್ 299 ಮೇಲೇರಿದ ಕೂಡಲೇ ಬಿತ್ತು. ಇಬ್ಬರು ಸತ್ತರು. ಗಾಳಿಗೆ ಅಂತ ಹಾಕಿದ್ದ ಲಾಕ್ ತೆಗೆಯುವುದನ್ನೇ ಮರೆತಿದ್ದರು. ಪೈಲಟ್‌ಗಳ ಚೆಕ್‌ಲಿಸ್ಟ್ ಪದ್ಧತಿ ಬೇರೂರಿದ್ದು ಆಮೇಲೆ. ಆದರೂ 2014ರಲ್ಲಿ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಲಾಕ್ ಹಾಕಿದಂತೆಯೇ ಓಡಿ, ಏರಲಾಗದೆ ರನ್‌ವೇ ದಾಟಿ ಹೋಗಿ ಏಳು ಜನ ಸತ್ತರು. ಸೆಸ್ನಾದ ಲಾಕ್ ಒಂದು ಕಬ್ಬಿಣದ ಕಡ್ಡಿ, ಅದಕ್ಕೊಂದು ಕೆಂಪು ತಗಡು. ಹಾಕಿದಾಗ ಆ ತಗಡು ಕೀಲಿ ತೂತಿಗೆ ಅಡ್ಡ ಬರುವ ಹಾಗೆ ಮಾಡಿದ್ದಾರೆ. ಅಷ್ಟಾದರೂ ಟೇಕಾಫ್‌ಗೆ ಮುಂಚೆ ಯೋಕನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಪೂರ್ತಿ ಆಡಿಸಿ, ಐಲರಾನ್ ಸರಿಯಾದ ಕಡೆಗೆ ಏಳುತ್ತಿದೆಯಾ ಅಂತ ಕಿಟಕಿಯಿಂದ ಕಣ್ಣಾರೆ ನೋಡಿಕೊಳ್ಳಬೇಕು ಅನ್ನುವುದು ಚೆಕ್‌ಲಿಸ್ಟ್‌ನಲ್ಲಿ ಇದ್ದೇ ಇರುತ್ತದೆ.